ಗುರುವಾರದ ಕಬೂಲಿ

ಹೋದ ವರ್ಷ ಹೈದರಾಬಾದಿನಲ್ಲಿ ಒಂದು ಮದುವೆಯೂಟಕ್ಕೆ ಹೋಗಿದ್ದೆವು. ಕಾಚಿಗುಡದಲ್ಲಿ ನಮ್ಮ ಹಳೆಯ ಮನೆಯ ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಮನೆಯವರ ಮೊಮ್ಮಗಳ ಮದುವೆ ಅದು. ಅವತ್ತು ಗುರುವಾರ. ಅವ್ವ ಕಲಬುರಗಿ ಕಡೆಯವಳು. ವಾರದ ಉಳಿದ ದಿನ ಕುರಿ ಕೋಳಿ ಎಲ್ಲ ಉಣ್ಣುವವಳು, ಗುರುವಾರ ಮಾತ್ರ ಮುಟ್ಟುವುದಿಲ್ಲ. ಅದು ಗಾಣಗಾಪುರದ ದತ್ತನ ವಾರ. ಹಾಗಾಗಿ ಊಟದ ಹಾಲಿಗೆ ಹೋದವಳೇ ಸೀದಾ ಹಸಿರು ಬೋರ್ಡು ಹಾಕಿದ್ದ ಕಡೆಗೆ ನಡೆದಳು. ಅಲ್ಲಿ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ನೂಡಲ್ಸ್, ಜೊತೆಗೆ ಬಣ್ಣ ಬಣ್ಣದ ಒಂದು ವೆಜ್ ಬಿರಿಯಾನಿ ಇದ್ದವು.

ಅವ್ವ ಎರಡು ಸಲ ಎಲ್ಲ ಪಾತ್ರೆಗಳ ಮುಚ್ಚಳ ಎತ್ತಿ ನೋಡಿ, ಬಡಿಸುವ ಹುಡುಗನನ್ನು ಕೇಳಿದಳು: "ಬಗಾರಾ ಬೈಂಗನ್ ಎಲ್ಲದಪಾ?" ಹುಡುಗ ಹಾಲಿನ ಆಚೆ ತುದಿಗೆ ಕೈ ತೋರಿಸಿದ. ಅದು ನಾನ್‌ವೆಜ್ ಕಡೆ ಇದೆ, ಬಿರಿಯಾನಿ ಜೊತೆಗೆ ಕೊಡುವುದು, ಅಂದ. ಮಿರ್ಚಿ ಕಾ ಸಾಲನ್? ಅದೂ ಆ ಕಡೆಗೇ. ಖಟ್ಟಿ ದಾಲ್? ಇವತ್ತು ಮಾಡಿಲ್ಲ.

ಒಂದು ತುಣುಕು ಮಾಂಸವಿಲ್ಲದ ಎರಡು ಅಡುಗೆಗಳು ಮಾಂಸದ ಮೇಜಿನ ಮೇಲಿವೆ, ಮಾಂಸ ತಿನ್ನದವರ ಮೇಜಿನ ಮೇಲೆ ಅವಿಲ್ಲ. ಅವ್ವ ಆಚೆ ಹೋಗಲು ಹಿಂಜರಿದಳು. ಅಲ್ಲಿನ ಸೌಟು ಯಾವ ಯಾವ ಪಾತ್ರೆಗೆ ಬಿದ್ದಿದೆಯೋ. ಕೊನೆಗೆ ಒಂದು ರೊಟ್ಟಿ, ಮೊಸರು, ಖುಬಾನಿ ಕಾ ಮೀಠಾ ತಿಂದು ಎದ್ದಳು. ಕಾರಿನಲ್ಲಿ ಕೂತ ಮೇಲೆ, "ನಮ್ಮ ಊಟ ಆ ಕಡೆ ಕುಂತದ, ನಾವು ಈ ಕಡೆ ಕುಂತೀವಿ" ಅಂದಳು. ಸಿಟ್ಟಿನಿಂದಲ್ಲ, ಸೋಜಿಗದಿಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೊಟ್ಟೆ ತುಂಬಿಸುವ, ಮನಸ್ಸಿಗೂ ಸಾಕೆನಿಸುವ ಮಾಂಸವಿಲ್ಲದ ಅಡುಗೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಆದರೆ ಅವು ಹುಟ್ಟಿದ್ದು ಸಸ್ಯಾಹಾರಿಗಳ ಮನೆಯಲ್ಲಲ್ಲ. ವಾರಕ್ಕೊಂದು ದಿನ ಮಾಂಸ ಬಿಡುವ ಮಾಂಸಾಹಾರಿಗಳ ಮನೆಯಲ್ಲಿ. ಈ ಪ್ರಬಂಧ ಅದರ ಬಗ್ಗೆ.

*

ಮೊದಲು ಒಂದು ವ್ಯತ್ಯಾಸ ಹೇಳಬೇಕು. ನಿತ್ಯ ಸಸ್ಯಾಹಾರಿಗಳ ಊಟದಲ್ಲಿ 'ಮುಖ್ಯ ಖಾದ್ಯ' ಅನ್ನುವುದೇ ಇಲ್ಲ. ಉಡುಪಿಯ ಬಾಳೆ ಎಲೆಯನ್ನೋ ಧಾರವಾಡದ ಲಿಂಗಾಯತ ಮನೆಯ ತಟ್ಟೆಯನ್ನೋ ನೆನಪಿಸಿಕೊಳ್ಳಿ. ಮಧ್ಯದಲ್ಲಿ ಅನ್ನ ಅಥವಾ ರೊಟ್ಟಿ, ಸುತ್ತ ಪಲ್ಯ, ಕೋಸಂಬರಿ, ಚಟ್ನಿ, ಸಾರು, ಮೊಸರು. ಯಾವುದೂ ರಾಜನಲ್ಲ, ಎಲ್ಲವೂ ಸೇರಿ ಊಟ. ಅಲ್ಲಿ ಏನನ್ನೂ ತೆಗೆದಿಲ್ಲವಾದ್ದರಿಂದ ಯಾವ ಕೊರತೆಯೂ ಕಾಣುವುದಿಲ್ಲ.

ಮಾಂಸ ಬೇಯುವ ಮನೆಯ ಕಥೆ ಬೇರೆ. ಅಲ್ಲಿ ತಟ್ಟೆಗೆ ಒಂದು ನಡು ಇದೆ. ದಪ್ಪ ಮಸಾಲೆಯ, ಎಣ್ಣೆ ತೇಲುವ, ಎರಡು ತಾಸು ಒಲೆಯ ಮೇಲಿದ್ದ ಒಂದು ಪಾತ್ರೆ. ಉಳಿದದ್ದೆಲ್ಲ ಅದರ ಪರಿವಾರ. ವಾರದ ಆ ಒಂದು ದಿನ ಪಾತ್ರೆ ಒಲೆ ಏರದಿದ್ದರೆ ನಡುವೆ ಖಾಲಿ ಬೀಳುತ್ತದೆ. ಬರೀ ಸಾರು, ಪಲ್ಯ ಇಟ್ಟರೆ ಮನೆಯ ಗಂಡಸರು ಮಕ್ಕಳು "ಇವತ್ತ ಏನೂ ಮಾಡಿಲ್ಲೇನು?" ಅನ್ನುತ್ತಾರೆ. ಮಾಡಿದ್ದೆಲ್ಲ ಕಣ್ಣ ಮುಂದೆಯೇ ಇದ್ದರೂ!

ತೆಲಂಗಾಣ ಈ ಪ್ರಶ್ನೆಗೆ ಹೇಳಿಮಾಡಿಸಿದ ನೆಲ. ಭಾರತದ ಮಹಾನೋಂದಣಾಧಿಕಾರಿಗಳ ಕಚೇರಿಯ 2014ರ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಜನ ಇಲ್ಲಿ ಮಾಂಸಾಹಾರಿಗಳು. ದೇಶದಲ್ಲೇ ಅತಿ ಹೆಚ್ಚು. ಆದರೆ ಅದೇ ನೂರರಲ್ಲಿ ಎಷ್ಟು ಜನ ಸೋಮವಾರ ಶಿವನಿಗಾಗಿ, ಶನಿವಾರ ವೆಂಕಟೇಶ್ವರನಿಗಾಗಿ, ಮಂಗಳವಾರ ಹನುಮಂತನಿಗಾಗಿ ಬಿಡುತ್ತಾರೆ ಎಂದು ಆ ಸಮೀಕ್ಷೆ ಕೇಳಲಿಲ್ಲ. ಕೇಳಿದ್ದರೆ ಚಿತ್ರ ಬೇರೆಯೇ ಇರುತ್ತಿತ್ತು. ನಮ್ಮ ಬೀದಿಯಲ್ಲಿ ಪೂರ್ತಿ ಬಿಟ್ಟವರು ಕಡಿಮೆ, ಒಂದು ದಿನ ಬಿಡದವರೂ ಕಡಿಮೆ.

ವಾರದ ಈ ರೂಢಿ ನಮ್ಮಲ್ಲಿ ಮಾತ್ರವಲ್ಲ. ಕ್ಯಾಥೊಲಿಕ್ ಕ್ರೈಸ್ತರು ಶತಮಾನಗಳ ಕಾಲ ಶುಕ್ರವಾರ ಮಾಂಸ ಬಿಟ್ಟರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅಮೆರಿಕ ಸರ್ಕಾರ ಸೈನಿಕರಿಗೆ ಆಹಾರ ಉಳಿಸಲು ವಾರಕ್ಕೊಂದು ದಿನ ಮಾಂಸ, ಒಂದು ದಿನ ಗೋಧಿ ಬಿಡಿ ಎಂದು ಮನೆಗಳನ್ನು ಕೇಳಿಕೊಂಡಿತು. ನಮ್ಮಲ್ಲಿ 1965ರ ಯುದ್ಧ ಮತ್ತು ಧಾನ್ಯದ ಅಭಾವದ ಹೊತ್ತಿನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತಿನ ಊಟವನ್ನೇ ಬಿಡಲು ಕೇಳಿದರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ದೇವರು, ಸರ್ಕಾರ, ಬಡತನ, ವೈದ್ಯರು, ಯಾರು ಹೇಳಿದರೂ ಸಂಜೆ ಅಡುಗೆಮನೆಯಲ್ಲಿ ನಿಂತ ಹೆಂಗಸಿನ ಪ್ರಶ್ನೆ ಒಂದೇ. ನಡುವಿನ ಆ ಜಾಗಕ್ಕೆ ಏನಿಡಲಿ?

*

ಈ ಪ್ರಶ್ನೆ ಮೊಘಲರ ಅಡುಗೆಮನೆಗೂ ಬಂದಿತ್ತು, ಮತ್ತು ಅದರ ಲೆಕ್ಕ ಬರವಣಿಗೆಯಲ್ಲಿ ಉಳಿದಿದೆ. ಅಬುಲ್ ಫಜಲ್ 16ನೇ ಶತಮಾನದ ಕೊನೆಯಲ್ಲಿ ಬರೆದ 'ಆಯಿನ್-ಎ-ಅಕ್ಬರಿ'ಯಲ್ಲಿ ಅಕ್ಬರ ಮಾಂಸ ತಿನ್ನದ ದಿನಗಳ ಪಟ್ಟಿ ಇದೆ. ಮೊದಲು ಶುಕ್ರವಾರಗಳು, ಆಮೇಲೆ ಭಾನುವಾರಗಳು, ಪ್ರತಿ ಸೌರಮಾಸದ ಮೊದಲ ದಿನ, ಗ್ರಹಣದ ದಿನಗಳು, ಕೆಲವು ಇಡೀ ತಿಂಗಳುಗಳು. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ದಿನಗಳ ಮಾಂಸವಿಲ್ಲದ ಅಡುಗೆಗೆ ಅರಮನೆಯಲ್ಲಿ ಒಂದು ಹೆಸರೂ ಇತ್ತು: ಸೂಫಿಯಾನ.

ಅಬುಲ್ ಫಜಲ್ ಅಡುಗೆಗಳನ್ನು ಮೂರು ವರ್ಗ ಮಾಡುತ್ತಾನೆ. ಮಾಂಸವಿಲ್ಲದವು, ಮಾಂಸ ಮತ್ತು ಅಕ್ಕಿ ಅಥವಾ ಧಾನ್ಯ ಸೇರಿದವು, ಮಾಂಸ ಮತ್ತು ಮಸಾಲೆಯವು. ಪ್ರತಿಯೊಂದಕ್ಕೂ ಸೇರು, ದಾಮುಗಳ ಅಳತೆ. ಮೊದಲ ವರ್ಗದಲ್ಲಿ ಖಿಚಡಿ ಇದೆ. 5 ಸೇರು ಅಕ್ಕಿಗೆ 5 ಸೇರು ಬೇಳೆ, 5 ಸೇರು ತುಪ್ಪ. ಓದುತ್ತಾ ನಾನು ಈ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಅಕ್ಕಿಯಷ್ಟೇ ತುಪ್ಪ! ಮಾಂಸ ಬಿಟ್ಟ ದಿನ ಕೊರತೆ ಕಾಣಬಾರದೆಂದು ಅಡುಗೆಯವರು ಏನು ಮಾಡಿದರು ಎಂಬುದಕ್ಕೆ ಇಷ್ಟು ಸಾಕು. ಅದೇ ವರ್ಗದಲ್ಲಿ ಬಾದಿಂಜಾನ್ ಕೂಡ ಇದೆ, ಅಂದರೆ ಬದನೆಕಾಯಿ. 10 ಸೇರು ಬದನೆಗೆ ಒಂದೂವರೆ ಸೇರು ತುಪ್ಪ, ಮೂರೂಮುಕ್ಕಾಲು ಸೇರು ಈರುಳ್ಳಿ, ಶುಂಠಿ, ನಿಂಬೆರಸ, ಕಾಳುಮೆಣಸು, ಕೊತ್ತಂಬರಿ ಬೀಜ, ಲವಂಗ, ಏಲಕ್ಕಿ, ಇಂಗು.

ಅಕ್ಬರನ ಮಗ ಜಹಾಂಗೀರ್ ಗುರುವಾರ ಮತ್ತು ಭಾನುವಾರ ಪ್ರಾಣಿವಧೆ ಬೇಡವೆಂದು ಆಜ್ಞೆ ಮಾಡಿದ. ಗುರುವಾರ ತಾನು ಪಟ್ಟಕ್ಕೆ ಬಂದ ವಾರ, ಭಾನುವಾರ ತಂದೆ ಹುಟ್ಟಿದ ವಾರ. ಇವನು ತನ್ನ ಆತ್ಮಕಥೆಯಲ್ಲಿ ಗುಜರಾತಿನ ಒಂದು ಅಡುಗೆಯ ಬಗ್ಗೆ ಬರೆದಿದ್ದಾನೆ. ಸಜ್ಜೆ ಮತ್ತು ಬೇಳೆ ಹಾಕಿ ಬೇಯಿಸಿದ ಖಿಚಡಿ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಮಾಂಸವಿಲ್ಲದ ಸೂಫಿಯಾನ ದಿನಗಳಲ್ಲಿ ಇದನ್ನೇ ಆಗಾಗ ತರಬೇಕೆಂದು ಹೇಳಿಬಿಟ್ಟ. ಹಿಂದೂಸ್ತಾನದ ಬಾದಶಹ ವಾರದ ಮಾಂಸವಿಲ್ಲದ ದಿನಕ್ಕೆ ಆರಿಸಿಕೊಂಡದ್ದು ಬಡ ರೈತನ ಸಜ್ಜೆ. ಕಲಬುರಗಿಯ ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

*

ಈಗ ಕಬೂಲಿಗೆ ಬರೋಣ. ಹೈದರಾಬಾದಿನ ಹಳೆಯ ಮನೆಗಳಲ್ಲಿ ಕಬೂಲಿ ಅಂದರೆ ಕಡಲೆ ಬೇಳೆಯ ಬಿರಿಯಾನಿ. ಹೆಸರು ಕೇಳಿ ಕಾಬೂಲಿ ಕಡಲೆ ಎಂದುಕೊಳ್ಳಬೇಡಿ, ಹಾಕುವುದು ನಮ್ಮ ಹೋಳಿಗೆಯ ಕಡಲೆ ಬೇಳೆಯನ್ನೇ. ಬೇಳೆಯನ್ನು ನೆನೆಸಿ, ಬೆರಳಲ್ಲಿ ಒತ್ತಿದರೆ ಒಡೆಯಬೇಕು ಆದರೆ ಕರಗಬಾರದು ಅನ್ನುವ ಹದಕ್ಕೆ ಬೇಯಿಸುತ್ತಾರೆ. ಈರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಕರಿದು ಅರ್ಧ ತೆಗೆದಿಡುತ್ತಾರೆ. ಉಳಿದ ಅರ್ಧಕ್ಕೆ ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಗರಂ ಮಸಾಲೆ, ಮೊಸರು, ಪುದೀನ, ಕೊತ್ತಂಬರಿ, ಆಮೇಲೆ ಬೇಳೆ. ಮುಕ್ಕಾಲು ಬೆಂದ ಅನ್ನವನ್ನು ಇದರ ಮೇಲೆ ಪದರ ಪದರವಾಗಿ ಹರಡಿ, ನಿಂಬೆರಸ, ಕೇಸರಿ ಹಾಲು, ತುಪ್ಪ, ಕರಿದ ಈರುಳ್ಳಿ ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಸಣ್ಣ ಉರಿಯಲ್ಲಿ ದಮ್ ಕೊಡುವುದು. ಕುರಿ ಮಾಂಸದ ಬಿರಿಯಾನಿಗೆ ಮಾಡುವುದೆಲ್ಲವನ್ನೂ ಬೇಳೆಗೆ ಮಾಡುತ್ತಾರೆ, ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ. ಕಬೂಲಿಯ ರಹಸ್ಯ ಅಷ್ಟೇ ಎಂದು ನನ್ನ ನಂಬಿಕೆ. ಬೇಳೆಯನ್ನು ಬಡವರ ಬದಲಿ ಎಂದು ನೋಡದೆ, ಕುರಿಗೆ ಕೊಡುವ ಮರ್ಯಾದೆಯನ್ನೇ ಅದಕ್ಕೂ ಕೊಟ್ಟರು.

ಇತಿಹಾಸದ ತಿರುವು ಇಲ್ಲಿದೆ. ಅಕ್ಬರನ ಕಾಲದ ಪಟ್ಟಿಯಲ್ಲೂ ಕಬೂಲಿ ಇದೆ, ಆದರೆ ಮಾಂಸವಿಲ್ಲದ ವರ್ಗದಲ್ಲಲ್ಲ, ಎರಡನೆಯ ವರ್ಗದಲ್ಲಿ. 10 ಸೇರು ಅಕ್ಕಿ, 7 ಸೇರು ಮಾಂಸ, ಮೂರೂವರೆ ಸೇರು ತುಪ್ಪ, 1 ಸೇರು ಸಿಪ್ಪೆ ತೆಗೆದ ಕಡಲೆ, 2 ಸೇರು ಈರುಳ್ಳಿ. ಅಂದರೆ ಆಗ ಕಡಲೆ ಬರೀ ಜೊತೆಗಾರ. ಮಾಂಸದ ಏಳರಲ್ಲಿ ಒಂದು ಪಾಲು. ನಾಲ್ಕು ಶತಮಾನಗಳ ನಡುವೆ ಎಲ್ಲೋ ಆ 7 ಸೇರು ಮಾಂಸ ಪಾತ್ರೆಯಿಂದ ಎದ್ದು ಹೋಯಿತು, ಮೂಲೆಯಲ್ಲಿದ್ದ ಕಡಲೆ ನಡುವಿಗೆ ಬಂದು ಕೂತಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ಔರಂಗಜೇಬನ ಹೆಸರನ್ನು ತರುವವರು ಬಹಳ. ಅವನು ಮಗನಿಗೆ ಬರೆದ ಒಂದು ಪತ್ರದಲ್ಲಿ, ಚಳಿಗಾಲದಲ್ಲಿ ನಿನ್ನ ಮನೆಯ ಖಿಚಡಿ, ಬಿರಿಯಾನಿಗಳ ರುಚಿ ನೆನಪಾಗುತ್ತದೆ, ಇಸ್ಲಾಂ ಖಾನನ ಕಬೂಲಿ ಕೂಡ ಅದಕ್ಕೆ ಸಾಟಿಯಲ್ಲ, ಆ ಬಿರಿಯಾನಿ ಮಾಡುವ ಅಡುಗೆಯವನನ್ನು ಕೇಳಿದರೆ ನೀನು ಕೊಡಲಿಲ್ಲ, ಎಂಬ ಅರ್ಥದಲ್ಲಿ ಬರೆದಿದ್ದಾನೆ. ದೊಡ್ಡ ಸಾಮ್ರಾಜ್ಯದ ಒಡೆಯ ಮಗನ ಅಡುಗೆಯವನಿಗಾಗಿ ಹಲುಬುವುದು ಓದಲು ಚೆಂದ. ಆದರೆ ಇದನ್ನೇ ಹಿಡಿದುಕೊಂಡು ಔರಂಗಜೇಬ ಸಸ್ಯಾಹಾರಿಯಾಗಿದ್ದ, ಕಬೂಲಿ ಅವನ ಸಸ್ಯಾಹಾರದ ಬಿರಿಯಾನಿ ಎಂದು ಹೇಳುವುದು ಪತ್ರದಲ್ಲಿ ಇಲ್ಲದ್ದನ್ನು ಓದಿದಂತೆ. ಪತ್ರದಲ್ಲಿ ಕಬೂಲಿಯ ಹೆಸರಿದೆ, ಅದರಲ್ಲಿ ಮಾಂಸವಿರಲಿಲ್ಲ ಎಂಬ ಮಾತಿಲ್ಲ. ಅವನ ಮುತ್ತಜ್ಜನ ಅರಮನೆಯ ಕಬೂಲಿಯಲ್ಲಂತೂ ಮಾಂಸವಿತ್ತು. ಯಾರನ್ನಾದರೂ ಒಳ್ಳೆಯವನನ್ನಾಗಿ ಅಥವಾ ಕೆಟ್ಟವನನ್ನಾಗಿ ಮಾಡಲು ಅವನ ತಟ್ಟೆಯನ್ನು ತಿದ್ದುವ ಚಟ ನಮಗೆ ಈಚೆಗೆ ಜಾಸ್ತಿಯಾಗಿದೆ.

ಇದಕ್ಕೆ ಸರಿಯಾಗಿ ಉಲ್ಟಾ ನಡೆದದ್ದು ತಹಾರಿಯಲ್ಲಿ. ಲಖನೌ ಕಡೆ ತಹಾರಿ ಅಂದರೆ ಆಲೂಗಡ್ಡೆ, ಹೂಕೋಸು, ಬಟಾಣಿ ಹಾಕಿದ ಹಳದಿ ಅನ್ನ. ಅದೇ ಹೆಸರಿನ ಅನ್ನ ಹೈದರಾಬಾದಿನ ಮುಸ್ಲಿಂ ಮನೆಗಳಲ್ಲಿ ಸಾಮಾನ್ಯವಾಗಿ ಮಾಂಸದ್ದು. ಒಂದು ಹೆಸರಿನಿಂದ ಮಾಂಸ ಹೊರಗೆ ಹೋಯಿತು, ಇನ್ನೊಂದರ ಒಳಗೆ ಬಂತು. ಹೆಸರು ಹಿಡಿದು ಶುದ್ಧಾಶುದ್ಧ ಹೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು. 'ವೆಜ್ ಬಿರಿಯಾನಿ ಅನ್ನುವುದೇ ಇಲ್ಲ, ಅದು ಪಲಾವು' ಎಂಬ ನಗೆಚಾಟಿಕೆ ಈಗ ಎಲ್ಲರ ಫೋನಿನಲ್ಲೂ ಓಡಾಡುತ್ತದೆ. ಹಾಗೆ ನಗುವವರು ಕಬೂಲಿಯ ಪಾತ್ರೆಯ ಮುಚ್ಚಳ ತೆಗೆದಾಗ ಒಮ್ಮೆ ಪಕ್ಕದಲ್ಲಿ ನಿಂತಿರಬೇಕಿತ್ತು.

*

ಕಬೂಲಿ ಉತ್ತರದಿಂದ ಬಂದ ಹೆಸರು. ಆದರೆ ಹೈದರಾಬಾದಿನ ಮಾಂಸವಿಲ್ಲದ ಅಡುಗೆಗಳಲ್ಲಿ ಹೆಚ್ಚಿನವು ಸುತ್ತಲಿನ ಒಣನೆಲದಿಂದ ಬಂದವು. ಆ ಒಣನೆಲದಲ್ಲಿ ದೊಡ್ಡ ಪಾಲು ನಮ್ಮದೇ. 1724ರಲ್ಲಿ ಆಸಫ್ ಜಾಹೀ ಆಳ್ವಿಕೆ ಶುರುವಾದಾಗಿನಿಂದ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಕೈಕೆಳಗಿದ್ದು, 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಉಳಿದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಅಂದರೆ ಇದೇ ಊರು. ಕೋರ್ಟು, ಕಾಲೇಜು, ನೌಕರಿ, ಆಸ್ಪತ್ರೆ ಎಲ್ಲಕ್ಕೂ ಜನ ಇಲ್ಲಿಗೇ ಬರುತ್ತಿದ್ದರು. ಕಾಚಿಗುಡದ ಸುತ್ತ ಕನ್ನಡಿಗರು ನೆಲೆನಿಂತು ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡದ್ದು ಆ ನಂಟಿನಿಂದಲೇ. (ಬಿರಿಯಾನಿಯಲ್ಲೂ ನಮ್ಮ ಹೆಸರು ಉಳಿದಿದೆ. ಇಲ್ಲಿನ 'ಕಲ್ಯಾಣಿ ಬಿರಿಯಾನಿ'ಗೆ ಆ ಹೆಸರು ಬಂದದ್ದು ಇಂದಿನ ಬಸವಕಲ್ಯಾಣದ ನವಾಬರಿಂದ ಎನ್ನುತ್ತಾರೆ. ಆದರೆ ಅದು ಪೂರ್ತಿ ಮಾಂಸದ್ದು, ಗುರುವಾರಕ್ಕೆ ನಡೆಯುವುದಿಲ್ಲ.)

ಬಗಾರಾ ಬೈಂಗನ್ ನೋಡಿ. ಬಘಾರ್ ಅಂದರೆ ಒಗ್ಗರಣೆ, ಅಂದರೆ ಒಗ್ಗರಣೆ ಬದನೆ. ಸಣ್ಣ ಗುಂಡು ಬದನೆಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ ಎಣ್ಣೆಯಲ್ಲಿ ಬಾಡಿಸುತ್ತಾರೆ. ಶೇಂಗಾ, ಎಳ್ಳು, ಒಣಕೊಬ್ಬರಿ, ಕೊತ್ತಂಬರಿ ಬೀಜ, ಜೀರಿಗೆಯನ್ನು ಬೇರೆ ಬೇರೆ ಹುರಿದು, ಸುಟ್ಟ ಈರುಳ್ಳಿಯ ಜೊತೆ ನುಣ್ಣಗೆ ಅರೆದು, ಹುಣಸೆಹುಳಿ ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸುತ್ತಾರೆ. ಸಾಸಿವೆ, ಮೆಂತ್ಯ, ಕರಿಬೇವಿನ ಒಗ್ಗರಣೆ. ಬದನೆಯ ಬದಲು ದಪ್ಪ ಹಸಿಮೆಣಸಿನಕಾಯಿ ಹಾಕಿದರೆ ಮಿರ್ಚಿ ಕಾ ಸಾಲನ್. ಟೊಮೆಟೊ ರಸ ಬತ್ತಿಸಿ ಮಾಡಿದರೆ ಟಮಾಟೆ ಕಾ ಕಟ್, ಅದಕ್ಕೆ ಬೇಯಿಸಿದ ಮೊಟ್ಟೆ ಹಾಕುವವರೂ ಇದ್ದಾರೆ.

ಇದನ್ನು ಓದಿದ ಉತ್ತರ ಕರ್ನಾಟಕದವರು "ಇದು ನಮ್ಮ ಎಣ್ಣೆಗಾಯಿ ಅಲ್ಲೇನ್ರೀ?" ಅನ್ನದಿರಲಾರರು. ಹೌದು, ತಂಗಿ. ಎಣ್ಣೆಗಾಯಿಗೆ ಗುರೆಳ್ಳು ಬೀಳುತ್ತದೆ, ಮಸಾಲೆಯನ್ನು ಕಾಯಿಯ ಒಳಗೆ ತುಂಬುತ್ತಾರೆ, ಜೊತೆಗೆ ಜೋಳದ ರೊಟ್ಟಿ. ಬಗಾರಾ ಬೈಂಗನ್‌ಗೆ ರಸ ಹೆಚ್ಚು, ಹುಳಿ ಹೆಚ್ಚು, ಅನ್ನದ ಜೊತೆ ಹೋಗುತ್ತದೆ. ತೆಲಂಗಾಣದ ಗುತ್ತಿ ವಂಕಾಯ, ಮರಾಠವಾಡದ ಭರಲೀ ವಾಂಗಿ ಇನ್ನೆರಡು ಅಕ್ಕತಂಗಿಯರು. ಕನ್ನಡಿಗರಿಗೆ ಬದನೆಯ ಮೇಲಿನ ಪ್ರೀತಿ ಹೊಸದೂ ಅಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರದ ಅಡುಗೆ ಪುಸ್ತಕ, ಅದರಲ್ಲಿ ಬದನೆಕಾಯಿಗೇ ಒಂದು ಅಧ್ಯಾಯ. ಅದಕ್ಕೂ ನಾಲ್ಕು ಶತಮಾನ ಮೊದಲು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬೇಳೆಯ ಅಡುಗೆಗಳೂ ಸುಟ್ಟ ಮಾಂಸವೂ ಒಂದೇ ಊಟದ ಪ್ರಕರಣದಲ್ಲಿವೆ.

ಆದರೆ ಬಗಾರಾ ಬೈಂಗನ್ ಅಷ್ಟು ಹಳೆಯದೆಂದು ಹೇಳಿದರೆ ತಪ್ಪಾಗುತ್ತದೆ. ಅದರ ಮೈಯಲ್ಲಿರುವ ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಿನದು. ಅಕ್ಬರನ ಬದನೆಗೆ ಕಾಳುಮೆಣಸಿನದೇ ಖಾರ. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು, ದಖನ್ನಿನಲ್ಲಿ ಅದು ಹೊಲ ಹೊಲಗಳಿಗೆ ಹಬ್ಬಿದ್ದು 19ನೇ ಶತಮಾನದ ಕೊನೆ, 20ನೇ ಶತಮಾನದ ಮೊದಲ ಭಾಗದಲ್ಲಿ. ಟೊಮೆಟೊ ಇನ್ನೂ ಈಚಿನದು. ಎಳ್ಳು, ಗುರೆಳ್ಳು, ಕೊಬ್ಬರಿ, ಹುಣಸೆ ಮಾತ್ರ ಹಳಬರು. ಹಾಗಾಗಿ ಈಗ ನಾವು ಉಣ್ಣುವ ರೂಪದ ಸಾಲನ್ ನವಾಬರ ಕಾಲದ್ದಕ್ಕಿಂತ ಹೆಚ್ಚಾಗಿ ನಮ್ಮ ಮುತ್ತಜ್ಜಿಯರ ಕಾಲದ್ದು. 'ನವಾಬೀ ಅಡುಗೆ' ಎಂದು ಹೋಟೆಲಿನ ಮೆನುವಿನಲ್ಲಿ ಬರೆಯುವುದು ಚೆಂದ ಕಾಣುತ್ತದೆ, ಆದರೆ ಅದಕ್ಕೆ ಕೊಬ್ಬು ಕೊಟ್ಟದ್ದು ಕರಿಮಣ್ಣಿನ, ಕೆಂಪುಮಣ್ಣಿನ ಹೊಲದ ಎಣ್ಣೆಕಾಳುಗಳು.

ಹೊಟ್ಟೆ ತುಂಬುವ ಗುಟ್ಟೂ ಅಲ್ಲೇ ಇದೆ. ಶೇಂಗಾದ ತೂಕದಲ್ಲಿ ಸುಮಾರು ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನು. ಬೇಳೆಗಳಲ್ಲಿ ಪ್ರೋಟೀನು ಐದನೇ ಒಂದು ಪಾಲಿಗಿಂತ ಹೆಚ್ಚು, ಅಕ್ಕಿಯಲ್ಲಿ ಕಡಿಮೆ ಇರುವುದನ್ನು ಬೇಳೆ ತುಂಬಿಕೊಡುತ್ತದೆ. ಬರೀ ತರಕಾರಿಯ ಪಲ್ಯ ತಿಂದು ಎದ್ದವರಿಗೆ ಎರಡು ತಾಸಿಗೆ ಹಸಿವಾಗುತ್ತದೆ. ಬಗಾರಾ ಬೈಂಗನ್ ಉಂಡವರು ನಿದ್ದೆ ಮಾಡುತ್ತಾರೆ.

*

ಯಾರು ಯಾರಿಗೆ ಕಲಿಸಿದರು? ಅಡುಗೆಮನೆಯ ಇತಿಹಾಸದಲ್ಲಿ ಇದಕ್ಕೆ ಸಹಿ ಹಾಕಿದ ದಾಖಲೆ ಇರುವುದಿಲ್ಲ. ಆದರೆ ಎಂಥ ಮನೆಗಳಲ್ಲಿ ಇದು ಆಗಿರಬೇಕು ಎಂದು ಊಹಿಸಬಹುದು. ನಿಜಾಮರ ಆಡಳಿತದಲ್ಲಿ ಕಾಯಸ್ಥರು, ಖತ್ರಿಗಳು, ಮರಾಠಿ ಮತ್ತು ಕನ್ನಡದ ದೇಶಮುಖರು, ಬ್ರಾಹ್ಮಣ ಲೆಕ್ಕಿಗರು ಎಲ್ಲ ಇದ್ದರು. 1901ರಿಂದ 1912ರವರೆಗೆ ಪ್ರಧಾನಿಯಾಗಿದ್ದು, 1926ರಲ್ಲಿ ಮತ್ತೆ ಆಡಳಿತದ ಮುಖ್ಯಸ್ಥರಾದ ಮಹಾರಾಜ ಕಿಶನ್ ಪ್ರಸಾದರ ಮನೆಯಲ್ಲಿ ಹಿಂದೂ ಹೆಂಡಂದಿರೂ ಇದ್ದರು, ಮುಸ್ಲಿಂ ಹೆಂಡಂದಿರೂ ಇದ್ದರು. ಒಂದೇ ಮನೆಯಲ್ಲಿ ಎರಡು ಪಂಚಾಂಗ! ಅಂಥ ಊರಿನಲ್ಲಿ ಯಾರನ್ನು ಊಟಕ್ಕೆ ಕರೆದರೂ ಇವತ್ತು ಅವರ ವಾರ ಯಾವುದು ಎಂದು ನೋಡಿ ಕರೆಯಬೇಕಿತ್ತು. ನೋಡದೆ ಕರೆದರೂ ಮರ್ಯಾದೆ ಹೋಗದಂತೆ ಒಂದು ಪಾತ್ರೆ ತಯಾರಿರಬೇಕಿತ್ತು. ಮುಸ್ಲಿಮರಿಗೂ ಗುರುವಾರ ಬರೀ ವಾರವಲ್ಲ, ಜುಮ್ಮೇರಾತ್, ದರ್ಗಾಕ್ಕೆ ಹೋಗುವ ಸಂಜೆ. ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾಕ್ಕೆ ಹೋಗುವವರೂ ಗಾಣಗಾಪುರಕ್ಕೆ ಹೋಗುವವರೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ಅದೇ ದಿನ ನಿಲ್ಲುತ್ತಾರೆ.

ದೊಡ್ಡ ಮನೆಗಳ ಮಾತು ಬಿಡಿ. ಸಣ್ಣ ಮನೆಗಳಲ್ಲಿ ದೇವರಿಗಿಂತ ತಿಂಗಳ ಕೊನೆಯ ಜೇಬೇ ಹೆಚ್ಚು ಸಲ ಮಾಂಸ ಬಿಡಿಸಿತು. ಅಂಥ ದಿನಗಳ ಅಡುಗೆ ಖಟ್ಟಿ ದಾಲ್. ತೊಗರಿ ಬೇಳೆಯನ್ನು ಕಡೆದು, ಹುಣಸೆಹುಳಿ ಹಾಕಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ದೆಹಲಿಯ ದಾಲಿನಲ್ಲಿ ಕರಿಬೇವೂ ಇಲ್ಲ, ಹುಣಸೆಯೂ ಇಲ್ಲ, ಇದರಲ್ಲಿ ಎರಡೂ ಇವೆ. ಉರ್ದು ಹೆಸರಿಟ್ಟುಕೊಂಡ ನಮ್ಮ ಬ್ಯಾಳಿ ಹುಳಿ ಇದು. ಬೇಳೆ ಬರುತ್ತಿದ್ದ ದಾರಿಯೂ ಗೊತ್ತಿದೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ವಾಡಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ತೊಗರಿಯ ಕಣಜದಲ್ಲಿ. ಆ ಕರಿಮಣ್ಣಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದೇ ವರ್ಷ ಹೈದರಾಬಾದು ಯುನೆಸ್ಕೋದ 'ಪಾಕಕಲೆಯ ಸೃಜನಶೀಲ ನಗರ'ಗಳ ಪಟ್ಟಿಗೆ ಸೇರಿತು. ಎರಡೂ ಸುದ್ದಿಯನ್ನು ಪತ್ರಿಕೆಗಳು ಬೇರೆ ಬೇರೆ ಪುಟದಲ್ಲಿ ಹಾಕಿದವು. ಒಂದೇ ಪುಟದಲ್ಲಿ ಹಾಕಬಹುದಿತ್ತು.

*

ನಮ್ಮ ಕಾಚಿಗುಡದ ಮನೆಯ ಗುರುವಾರಗಳು ಹೀಗಿದ್ದವು. ಬೆಳಗ್ಗೆ ಅವ್ವ ಒಲೆ ಸಾರಿಸಿ, ಬುಧವಾರದ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಗೋಡೆಯ ಆಚೆ ದನಿ ಹಾಕುತ್ತಿದ್ದಳು. ಆಚೆ ಮನೆಯ ಖಾಲಾ ಅವ್ವನಿಗಿಂತ ಹತ್ತು ವರ್ಷ ದೊಡ್ಡವರು, ಅವ್ವ ಅವರನ್ನು 'ಆಪಾ' ಅನ್ನುತ್ತಿದ್ದಳು, ನಾವು ಮಕ್ಕಳು 'ಖಾಲಾ'. ಅವರಿಗೆ ಅವ್ವನ ಗುರುವಾರ ಗೊತ್ತು. ತಿಂಗಳಲ್ಲಿ ಒಂದು ಗುರುವಾರವಾದರೂ ಕಬೂಲಿ ಮಾಡಿ, ಅದಕ್ಕೆಂದೇ ಬೇರೆ ಇಟ್ಟಿದ್ದ ತಪೇಲಿಯಲ್ಲಿ, ಬೇರೆ ಸೌಟಿನಲ್ಲಿ ಕಳಿಸುತ್ತಿದ್ದರು. ಆ ತಪೇಲಿಯ ಹಿಡಿಗೆ ಒಂದು ಕೆಂಪು ದಾರ ಕಟ್ಟಿರುತ್ತಿತ್ತು, ಮರೆತು ಯಾರೂ ಅದರಲ್ಲಿ ಬೇರೇನೂ ಬೇಯಿಸಬಾರದೆಂದು. ಅವ್ವ ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟು ಕಳಿಸುತ್ತಿದ್ದಳು.

ಅವ್ವನೇ ಮಾಡಿದ ದಿನ ಖಿಚಡಿ ಮತ್ತು ಖಟ್ಟಾ. ಹೈದರಾಬಾದಿನಲ್ಲಿ ಖಿಚಡಿ, ಖಟ್ಟಾ, ಕೀಮಾ ಮೂರೂ ಒಟ್ಟಿಗೆ ಬರುವ ಊಟ. ಕೆಂಪು ಮಸೂರ್ ಬೇಳೆಯ ಉದುರು ಖಿಚಡಿ, ಎಳ್ಳು ಹುಣಸೆಯ ತೆಳ್ಳನೆಯ ಹುಳಿ, ಕೊಚ್ಚಿದ ಮಾಂಸ. ಗುರುವಾರ ಮೂರನೆಯದರ ಜಾಗಕ್ಕೆ ಅವ್ವ ಬಗಾರಾ ಬೈಂಗನ್ ತಂದಿಡುತ್ತಿದ್ದಳು. ಅಪ್ಪ ಆಫೀಸಿನಿಂದ ಬಂದು ಕೈಕಾಲು ತೊಳೆದು ಕೂತು, ಮೊದಲ ತುತ್ತಿಗೆ ಏನೂ ಹೇಳದೆ ಎರಡನೆಯ ಸಲ ಬಡಿಸಿಕೊಂಡರೆ ಅವತ್ತಿನ ಅಡುಗೆ ಗೆದ್ದಿತೆಂದು ಅರ್ಥ. ಮಾಂಸದ ನೆನಪು ತೆಗೆಯದಿದ್ದರೆ ಇನ್ನೂ ದೊಡ್ಡ ಗೆಲುವು.

ಆಗ 'ವೆಜ್' ಅನ್ನುವ ಮಾತು ನಮ್ಮ ಬೀದಿಯಲ್ಲಿರಲಿಲ್ಲ. 'ಇವತ್ತ ವಾರ ಅದ' ಅನ್ನುತ್ತಿದ್ದೆವು. ಅಂದರೆ ಅದು ಒಂದು ದಿನದ ಗುಣ, ಮನುಷ್ಯನ ಜಾತಿಯಲ್ಲ. ಶುಕ್ರವಾರ ಬೆಳಗಾದರೆ ಮುಗಿಯುತ್ತಿತ್ತು. ಈ ಶತಮಾನದ ಆರಂಭದಲ್ಲಿ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ, ಕಂದು ಚುಕ್ಕೆ ಬಂದವು. ಪೊಟ್ಟಣದಲ್ಲಿ ಏನಿದೆ ಎಂದು ತಿಳಿಯುವುದು ಒಳ್ಳೆಯದೇ, ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಚುಕ್ಕೆ ಪೊಟ್ಟಣದಿಂದ ಇಳಿದು ಮೇಜಿಗೆ, ಮೇಜಿನಿಂದ ಹಾಲಿಗೆ, ಕೆಲವು ಕಡೆ ಬಾಡಿಗೆ ಮನೆಯ ಬಾಗಿಲಿಗೂ ಬಂತು. ಹಸಿರು ಮೇಜನ್ನು ತುಂಬಲು ಕೇಟರಿಂಗ್‌ನವರಿಗೆ ಸುಲಭವಾಗಿ ಸಿಕ್ಕಿದ್ದು ಪನೀರ್. ಹಳೆಯ ದಖನ್ನಿನ ಅಡುಗೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬಗಾರಾ ಬೈಂಗನ್ ಬಿರಿಯಾನಿಯ ಜೊತೆಗಾರ ಎಂಬ ಕಾರಣಕ್ಕೆ ಕಂದು ಮೇಜಿನಲ್ಲೇ ಉಳಿಯಿತು. ಕಬೂಲಿ ಎರಡೂ ಮೇಜಿಗೆ ಬರಲಿಲ್ಲ. ಮಾಂಸ ತಿನ್ನುವವರಿಗೆ ಅದು ಬಿರಿಯಾನಿಯಲ್ಲ, ತಿನ್ನದವರಿಗೆ ಅದರ ಹೆಸರೇ ಅನುಮಾನ.

ಮದುವೆಯ ಮರುವಾರ ನಾನು ಖಾಲಾಗೆ ಫೋನು ಮಾಡಿದೆ. ಈಗ ಅವರಿಗೆ ತೊಂಬತ್ತರ ಹತ್ತಿರ, ಮಗನ ಮನೆ ಟೋಲಿಚೌಕಿಯಲ್ಲಿ. ಊಟದ ವಿಷಯ ನಾನು ಎತ್ತಬಾರದೆಂದುಕೊಂಡಿದ್ದೆ, ಅವರೇ ಎತ್ತಿದರು. ನಿನ್ನ ಅಮ್ಮ ಉಣ್ಣದೆ ಹೋದದ್ದು ನೋಡಿದೆ, ಹುಡುಗರು ಯಾರಿಗೋ ಗುತ್ತಿಗೆ ಕೊಟ್ಟರು, ನನ್ನನ್ನು ಕೇಳಲಿಲ್ಲ, ಅಂದರು. ಆಮೇಲೆ ಅವ್ವನಿಗೆ ಫೋನು ಕೊಡಲು ಹೇಳಿದರು. ಇಬ್ಬರೂ ಅರ್ಧ ತಾಸು ಮಾತಾಡಿದರು, ಬಹಳಷ್ಟು ಮಂಡಿನೋವಿನ ಬಗ್ಗೆ.

ಗುರುವಾರ ಮಧ್ಯಾಹ್ನ ಅವ್ವ ಕಡಲೆ ಬೇಳೆ ನೆನೆಹಾಕಿದಳು. ಫೋನನ್ನು ಸ್ಪೀಕರಿನಲ್ಲಿ ಇಟ್ಟು, ಗೂಡಿನ ಮೇಲೆ ಒರಗಿಸಿದಳು. ಆ ಕಡೆಯಿಂದ ಖಾಲಾ ಕೇಳುತ್ತಿದ್ದರು, ಬೇಳೆ ಒತ್ತಿ ನೋಡಿದೆಯಾ, ಒಡೆಯಿತಾ, ಕ�ರಗಿತಾ. ಅವ್ವ ಒಂದು ಕಾಳನ್ನು ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡಿ, "ಇನ್ನೊಂದೀಟು ಬೇಕು ಆಪಾ" ಅಂದಳು.